ಅಟ್ಟ ಸೇರಿದ ಬಾಲ್ಯದ ಕಂಪ್ಯೂಟರನ್ನು ಮತ್ತೆ ನಡೆಸುವ ಕ್ರಮ

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 2000ನೇ ಇಸವಿಯ ಕಾಫಿ ಕೊಯ್ಲು ಮುಗಿದ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ, ಆ ಕಾಲದ ಮಾತಿನಲ್ಲಿ ‘ಅಸೆಂಬಲ್ಡ್’ ಯಂತ್ರ ಅದು: 400 ಮೆಗಾಹರ್ಟ್ಸ್ ಸೆಲೆರಾನ್ ಪ್ರೊಸೆಸರ್, ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನ ಮದರ್‌ಬೋರ್ಡ್, 64 ಎಂಬಿ ರ‍್ಯಾಮ್, 8.4 ಜಿಬಿ ಹಾರ್ಡ್ ಡಿಸ್ಕ್, ಎಸ್‌ಐಎಸ್ 6326 ಡಿಸ್‌ಪ್ಲೇ ಕಾರ್ಡ್, ಯಮಾಹಾ ಸೌಂಡ್ ಕಾರ್ಡ್, 56ಕೆ ಮೋಡೆಮ್ ಮತ್ತು 15 ಇಂಚಿನ ಗಾಜಿನ ಮಾನಿಟರ್. ತಂದೆಯವರು ಕೊಡಗಿನ ಮಾದಾಪುರದ ಬಳಿಯ ತೋಟದ ಆಳುಗಳ ಹಾಜರಿಯನ್ನೂ ಕಾಳುಮೆಣಸಿನ ಲೆಕ್ಕವನ್ನೂ ಅದರಲ್ಲಿ ಬರೆದಿಡುತ್ತಿದ್ದರು. ಲೆಕ್ಕ ಮುಗಿದ ಮೇಲಿನ ಅರ್ಧ ಗಂಟೆ ನನಗೂ ತಂಗಿಗೂ ಸೇರಿದ್ದಾಗಿತ್ತು. 2008ರಲ್ಲಿ ಲ್ಯಾಪ್‌ಟಾಪ್ ಬಂದಾಗ ಅದು ಅಟ್ಟ ಸೇರಿತು. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಲಿನ ಗುಡ್ಡಗಳು ಕುಸಿದ ಆ ಮಳೆಯಲ್ಲಿ ಹೆಂಚು ಜರುಗಿ, ಕೆಲವು ದಿನ ಅದರ ಮೇಲೆ ನೀರು ತೊಟ್ಟಿಕ್ಕಿತು. ಕಳೆದ ಚಳಿಗಾಲದಲ್ಲಿ ಅದನ್ನು ಕೆಳಗಿಳಿಸಿ, ಮೂರು ತಿಂಗಳ ಸಂಜೆಗಳನ್ನು ಕೊಟ್ಟು, ಮತ್ತೆ ನಡೆಯುವಂತೆ ಮಾಡಿದೆ. ಅಂಥದೇ ಯಂತ್ರವೊಂದು ಅಟ್ಟದಲ್ಲೋ ಕಣಜದ ಮೂಲೆಯಲ್ಲೋ ಇರುವವರಿಗೆ ಅನುಕೂಲವಾಗಲೆಂದು ಕೆಲಸದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ತೀರ್ಮಾನವನ್ನು ಮಾಡಿಕೊಳ್ಳಬೇಕು: ಯಾವುದು ಹಳೆಯದಾಗಿಯೇ ಉಳಿಯಬೇಕು, ಯಾವುದು ಹೊಸದಾಗಬಹುದು. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯನ್ನು ದುರಸ್ತಿ ಮಾಡುವವರು ಕೆತ್ತನೆಯ ಕಂಬವನ್ನೂ ಕೈಸಾಲೆಯ ಮರದ ಆಸನವನ್ನೂ ಉಳಿಸಿಕೊಂಡು, ಗೆದ್ದಲು ತಿಂದ ಪಕ್ಕಾಸನ್ನೂ ಹಳೆಯ ವಯರಿಂಗನ್ನೂ ಯೋಚಿಸದೆ ಬದಲಿಸುತ್ತಾರೆ. ನಾನು ಅನುಸರಿಸಿದ್ದು ಅದೇ ನಿಯಮವನ್ನು. ಕಣ್ಣಿಗೆ ಕಾಣುವ, ಕೈಗೆ ತಾಕುವ, ಕಿವಿಗೆ ಕೇಳುವ ಭಾಗಗಳು, ಅಂದರೆ ಕ್ಯಾಬಿನೆಟ್, ಕೀಬೋರ್ಡ್, ಮೌಸ್, ಮಾನಿಟರ್, ತೆರೆಯ ಮೇಲಿನ ಚಿತ್ರ, ಸೌಂಡ್ ಕಾರ್ಡಿನ ದನಿ, ಸಾಧ್ಯವಾದಷ್ಟೂ ಅವೇ ಇರಬೇಕು. ಒಳಗೆ ಕಾಣದೆ ದುಡಿಯುವ, ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್, ಕೆಪಾಸಿಟರ್, ಬ್ಯಾಟರಿ, ಫ್ಯಾನ್, ಡಿಸ್ಕ್ ಇವುಗಳು ಹೊಸದಾದರೆ ನೆನಪಿಗೆ ಕುಂದಿಲ್ಲ. ಹಳೆಯದೇ ಇರಲೆಂದು ಹಟ ಹಿಡಿದರೆ ಉಳಿದವೂ ಸುಟ್ಟುಹೋಗಬಹುದು. ಆ ಕಾಲದ ಅತ್ಯಂತ ವೇಗದ ಯಂತ್ರವನ್ನು ಕಟ್ಟುವ ಆಸೆ ನಡುವೆ ಒಮ್ಮೆಯಾದರೂ ಬರುತ್ತದೆ. ಅದಕ್ಕೆ ಮಣಿದರೆ ಕೊನೆಗೆ ಸಿಗುವುದು ಬೇರೆ ಯಾರದೋ ಮನೆಯ ಕಂಪ್ಯೂಟರ್.

ಕೆಲಸದ ಕಾಲವೂ ಮುಖ್ಯ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸಾಮಾನ್ಯ. ಜುಲೈ-ಆಗಸ್ಟಿನ ಕಕ್ಕಡ ಮಾಸದ ದಿನಗಳಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ಬೆನ್ನಿಗೂ ಬೂಸ್ಟು ಹಿಡಿಯುವಾಗ ತೊಳೆದ ಬೋರ್ಡ್ ಒಣಗುವುದಿಲ್ಲ. ಸುಗ್ಗಿಯ ಹಬ್ಬವಾದ ಹುತ್ತರಿ ಕಳೆದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ಹವೆಯಲ್ಲಿ ಈ ಕೆಲಸವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅದೇ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ತು ಸೇರಿಕೊಳ್ಳುತ್ತದೆ. ಉಣ್ಣೆಯ ಸ್ವೆಟರ್ ತೊಟ್ಟು ಚಿಪ್ಪುಗಳನ್ನು ಮುಟ್ಟಬಾರದು. ಹತ್ತಿಯ ಬಟ್ಟೆ ತೊಟ್ಟು, ಅರ್ತಿಂಗ್ ಆಗಿರುವ ಲೋಹವನ್ನು ಆಗಾಗ ಮುಟ್ಟುತ್ತ, ಸಾಧ್ಯವಿದ್ದರೆ ಮಣಿಕಟ್ಟಿಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ಕೂರಬೇಕು.

ಬಿಚ್ಚುವುದು ಮತ್ತು ತೊಳೆಯುವುದು

ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಮೊದಲ ಹೆಜ್ಜೆ. ನಮ್ಮ ಯಂತ್ರದ ಎಸ್‌ಎಂಪಿಎಸ್ ಫ್ಯಾನಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಮದರ್‌ಬೋರ್ಡಿನ ಕೆಳಗೆ ಇಲಿಯ ಹಿಕ್ಕೆಯಿತ್ತು. ಒಲೆಯ ಹೊಗೆಯ ಜಿಡ್ಡಿನ ಮಸಿ ಎಲ್ಲ ಕಡೆಯೂ ಅಂಟಿತ್ತು. ಅಂಥ ಸ್ಥಿತಿಯಲ್ಲಿ ವಿದ್ಯುತ್ ಹರಿಸಿದ್ದರೆ ಉಳಿದಿದ್ದ ಬೋರ್ಡೂ ಹೋಗುತ್ತಿತ್ತು. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದರಿಂದ ಮೊದಲ ಸಲ ತೆರೆಯುವಾಗ ಕೈಗವಸನ್ನೂ ಮುಖಗವಸನ್ನೂ ಹಾಕಿಕೊಂಡು, ಮನೆಯ ಹೊರಗೆ, ಗಾಳಿಯಾಡುವಲ್ಲಿ ತೆರೆಯಬೇಕು. ಒಣ ಧೂಳನ್ನು ಊದಬಾರದು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ತೆರೆದ ಮೇಲೆ ಏನನ್ನೂ ಕೀಳುವ ಮೊದಲು ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದಿಡಿ. ಯಾವ ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿದೆ, ಮುಂಭಾಗದ ಪವರ್ ಸ್ವಿಚ್ಚಿನ ಸಣ್ಣ ತಂತಿಗಳು ಯಾವ ಪಿನ್ನಿಗೆ ಹೋಗಿವೆ, ಜಂಪರುಗಳು (ಎರಡು ಪಿನ್ನುಗಳನ್ನು ಸೇರಿಸುವ ಸಣ್ಣ ಟೋಪಿಗಳು) ಎಲ್ಲಿ ಕೂತಿವೆ, ಯಾವ ಕಾರ್ಡ್ ಯಾವ ಸ್ಲಾಟಿನಲ್ಲಿದೆ ಎಂಬುದೆಲ್ಲ ಸ್ಪಷ್ಟವಾಗಿ ಕಾಣಬೇಕು. ಬೋರ್ಡಿನ ಮೇಲಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡರೆ ಅದರ ಕೈಪಿಡಿಯನ್ನು ಅಂತರ್ಜಾಲದಲ್ಲಿ ಹುಡುಕಿಕೊಳ್ಳಬಹುದು. ಸೆಲೆರಾನ್‌ನ ಗುಣಕ (ಬಸ್ ವೇಗದ ಎಷ್ಟು ಪಟ್ಟು ಓಡಬೇಕೆಂಬ ಸಂಖ್ಯೆ) ಚಿಪ್ಪಿನೊಳಗೇ ಬಿಗಿದುಬಿಟ್ಟಿರುವುದರಿಂದ ಆ ಜಂಪರ್ ತಪ್ಪಿದರೂ ಕೇಡಿಲ್ಲ. ಆದರೆ 66 ಮೆಗಾಹರ್ಟ್ಸ್ ಇರಬೇಕಾದ ಬಸ್ ವೇಗದ ಜಂಪರ್ 100ಕ್ಕೆ ಹೋದರೆ ಪ್ರೊಸೆಸರ್ 600ರಲ್ಲಿ ಓಡಲು ಹೊರಟು ಯಂತ್ರ ಏಳುವುದೇ ಇಲ್ಲ. ಇದನ್ನು ತಿಳಿಯದೆ ಬೋರ್ಡ್ ಸತ್ತಿದೆಯೆಂದು ಎಸೆದವರು ಇದ್ದಾರೆ.

ನೀರು ಬಿದ್ದ, ಮಣ್ಣು ಹಿಡಿದ ಬೋರ್ಡನ್ನು ತೊಳೆಯಬಹುದು, ತೊಳೆಯಲೇಬೇಕು. ಬ್ಯಾಟರಿ, ಪ್ರೊಸೆಸರ್, ರ‍್ಯಾಮ್, ಕಾರ್ಡುಗಳು ಎಲ್ಲವನ್ನೂ ತೆಗೆದ ಮೇಲೆ, ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಮಣ್ಣನ್ನು ಬಿಡಿಸಬೇಕು. ಬಾವಿಯ ನೀರಿನಲ್ಲಿ ಲವಣಗಳು ಇರುವುದರಿಂದ ಅದು ಬೇಡ. ಆಮೇಲೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದು ಸಂದುಗಳಲ್ಲಿ ಉಳಿದ ನೀರನ್ನು ಹೊರದೂಡಬೇಕು. ಒಣಗಿಸಲು ಒಲೆಯ ಮೇಲಿನ ಅಟ್ಟವೂ ಬೇಡ, ಅಕ್ಕಿಯ ಡಬ್ಬವೂ ಬೇಡ: ಮೊದಲನೆಯದು ಮಸಿ ಹಿಡಿಸುತ್ತದೆ, ಎರಡನೆಯದು ಸ್ಲಾಟುಗಳಲ್ಲಿ ಹಿಟ್ಟಿನ ಪುಡಿ ತುಂಬುತ್ತದೆ. ಮುಚ್ಚಳ ಬಿಗಿಯಾದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜತೆಗೆ ಒಂದು ವಾರ ಇಟ್ಟೆ. ಜೆಲ್ ಬಣ್ಣ ಬದಲಿಸಿದಾಗ ಅದನ್ನು ತೆಗೆದು, ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಿದೆ.

ರ‍್ಯಾಮ್ ಮತ್ತು ಕಾರ್ಡುಗಳ ಹೊನ್ನಿನ ಬಣ್ಣದ ಹಲ್ಲುಗಳಿಗೆ ಕಿಲುಬು ಹಿಡಿದಿದ್ದರೆ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಉಜ್ಜುವುದು ಸಾಕು. ಹೋಗದ ಕಲೆಗೆ ಮಾತ್ರ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರನ್ನು ಹಗುರವಾಗಿ ಒಂದೇ ದಿಕ್ಕಿನಲ್ಲಿ ಎಳೆಯಬಹುದು. ಆ ಲೇಪ ಬಹಳ ತೆಳು, ಹೆಚ್ಚು ಉಜ್ಜಿದರೆ ಅದೇ ಕಿತ್ತುಬರುತ್ತದೆ.

ಇನ್ನೂ ಹಳೆಯ, 486 ಪ್ರೊಸೆಸರಿನ ಕಾಲದ ಯಂತ್ರ ನಿಮ್ಮದಾಗಿದ್ದರೆ ಬೋರ್ಡಿಗೇ ಬೆಸೆದ ಪೀಪಾಯಿ ಆಕಾರದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಮೊದಲು ನೋಡಿ. ಅದು ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಹಸಿರು ಕಲೆಯ ಮೇಲೆ ಬಿಳಿ ವಿನೆಗರನ್ನೋ ಲಿಂಬೆರಸವನ್ನೋ ಹಚ್ಚಿ, ಡಿಸ್ಟಿಲ್ಡ್ ವಾಟರ್ ಮತ್ತು ಆಲ್ಕೊಹಾಲಿನಿಂದ ತೊಳೆಯಬೇಕು. ಕೊಡಗಿನವರ ಮನೆಯಲ್ಲಿ ಕಾಚಂಪುಳಿ ಎಂಬ ಹುಳಿ ಹಣ್ಣಿನ ಕಪ್ಪು ವಿನೆಗರ್ ಸದಾ ಇರುತ್ತದಾದರೂ ಅದರಲ್ಲಿ ಹಣ್ಣಿನ ಅಂಟೂ ಬಣ್ಣವೂ ಇರುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ. 2000ದ ಸುಮಾರಿನ ಬೋರ್ಡುಗಳಲ್ಲಿ ಸಿಆರ್2032 ನಾಣ್ಯದ ಬ್ಯಾಟರಿ ಇರುತ್ತದೆ; ಅದು 3 ವೋಲ್ಟಿನದು, ಹೊಸದನ್ನು ಹಾಕಿದರೆ ಮುಗಿಯಿತು.

ಡಿಸ್ಕಿನಲ್ಲಿರುವುದನ್ನು ಮೊದಲು ಉಳಿಸಿಕೊಳ್ಳಿ

ಬೋರ್ಡ್ ಒಣಗುತ್ತಿರುವ ವಾರದಲ್ಲಿ ಹಾರ್ಡ್ ಡಿಸ್ಕಿನ ಕೆಲಸವನ್ನು ಮಾಡಬೇಕು. ಇಡೀ ಯಂತ್ರದಲ್ಲಿ ದುಡ್ಡು ಕೊಟ್ಟರೂ ಮತ್ತೆ ಸಿಗದ ವಸ್ತು ಅದೊಂದೇ. ಹಳೆಯ ಕಂಪ್ಯೂಟರಿಗೆ ಡಿಸ್ಕನ್ನು ಜೋಡಿಸಿ ವಿಂಡೋಸ್ ತೆರೆಯುವುದೋ ನೋಡೋಣ ಎಂದುಕೊಳ್ಳಬಾರದು. ವಿಂಡೋಸ್ ತೆರೆದ ಕ್ಷಣದಿಂದಲೇ ಡಿಸ್ಕಿನ ಮೇಲೆ ಬರೆಯತೊಡಗುತ್ತದೆ. ಡಿಸ್ಕಿನ ಹಿಂದಿನ ಜಂಪರನ್ನು ‘ಮಾಸ್ಟರ್’ ಸ್ಥಾನದಲ್ಲಿಟ್ಟು, ಹಳೆಯ ಡಿಸ್ಕುಗಳ ಜೋಡಣೆಯಾದ ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ, ಪ್ರತ್ಯೇಕ ವಿದ್ಯುತ್ ಪೂರೈಕೆ ಇರುವ ಅಡಾಪ್ಟರಿನ ಮೂಲಕ ಲಿನಕ್ಸ್ ನಡೆಯುವ ಈಗಿನ ಕಂಪ್ಯೂಟರಿಗೆ ಸೇರಿಸಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವ ಭಾಗಗಳನ್ನು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತಿಟ್ಟು, ಆಮೇಲೆ ಅವುಗಳಿಗೆ ಮರಳುತ್ತದೆ. ನಡುವೆ ಕರೆಂಟು ಹೋದರೂ ಆ ನಕ್ಷೆಯ ನೆರವಿನಿಂದ ಬಿಟ್ಟಲ್ಲಿಂದ ಮುಂದುವರಿಯಬಹುದು. ನಮ್ಮ ಊರಿನ ಕರೆಂಟಿಗೆ ಇದಕ್ಕಿಂತ ಹೊಂದುವ ಸಾಧನ ಇನ್ನೊಂದಿಲ್ಲ.

ಡಿಸ್ಕ್ ತಿರುಗದಿದ್ದರೆ ಅಥವಾ ಒಂದೇ ಸಮನೆ ಟಕ್ ಟಕ್ ಎನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗಿರುವುದು ಬೇಕೇಬೇಕೆಂದಾದರೆ ದತ್ತಾಂಶ ಮರುಪಡೆಯುವ ಪರಿಣತರಿಗೆ ಕೊಡಬೇಕು. ಮುಚ್ಚಳವನ್ನು ಮನೆಯಲ್ಲಿ ತೆರೆದರೆ ಒಳಹೋಗುವ ಧೂಳಿನ ಒಂದು ಕಣವೂ ಫಲಕವನ್ನು ಗೀಚಲು ಸಾಕು. ನಮ್ಮ ಡಿಸ್ಕ್ ತಿರುಗಿತು. ಅದು ಏಳುವಾಗಿನ ಸಣ್ಣ ಶಿಳ್ಳೆಯನ್ನೂ ಓದುವಾಗಿನ ಕಟಕಟ ಸದ್ದನ್ನೂ ಮೊದಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ; ನೀವೂ ಹಾಗೆ ಮಾಡಿ, ಮುಂದೆ ಆ ಸದ್ದು ಮತ್ತೆ ಕೇಳಲು ಸಿಗದೆ ಹೋಗಬಹುದು. ಎರಡು ರಾತ್ರಿ ನಡೆದ ನಕಲಿನಲ್ಲಿ ಸ್ವಲ್ಪ ಭಾಗ ಮಾತ್ರ ಓದಲು ಬರಲಿಲ್ಲ.

ಕನ್ನಡದ ಕಡತಗಳ ವಿಷಯದಲ್ಲಿ ಒಂದು ಮಾತು ಮುಖ್ಯ. ವಿಂಡೋಸ್ 98ರಲ್ಲಿ ಕನ್ನಡಕ್ಕೆ ಯೂನಿಕೋಡ್ ಬೆಂಬಲವಿರಲಿಲ್ಲ; ಅದು ಬಂದದ್ದು 2001ರ ಎಕ್ಸ್‌ಪಿಯ ಕಾಲಕ್ಕೆ. ಅದಕ್ಕಿಂತ ಮೊದಲು ನಾವು ಶೇಷಾದ್ರಿವಾಸು ಅವರ ‘ಬರಹ’ದಲ್ಲೋ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲೋ ಬರೆದದ್ದೆಲ್ಲ ಆಯಾ ಫಾಂಟಿಗೆ ಅಂಟಿಕೊಂಡ ಸಂಕೇತಗಳಲ್ಲಿದೆ. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಕಡತ ಹಾಳಾಗಿದೆಯೆಂದು ಭಾವಿಸಿ ಅಳಿಸಬೇಡಿ. ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಂಡು, ಬರಹ ಮತ್ತು ನುಡಿಯೊಂದಿಗೇ ಬರುವ ಪರಿವರ್ತಕಗಳಿಂದ ಅವನ್ನು ಯೂನಿಕೋಡಿಗೆ ತನ್ನಿ. ಒತ್ತಕ್ಷರ ಮತ್ತು ಅರ್ಕಾವತ್ತಿನ ಜಾಗಗಳಲ್ಲಿ ಕೆಲವೊಮ್ಮೆ ತಪ್ಪು ನುಸುಳುವುದರಿಂದ ಮೂಲವನ್ನೂ ಉಳಿಸಿಕೊಂಡು, ಒಮ್ಮೆ ಓದಿ ನೋಡಬೇಕು. ತಂದೆಯವರು 2002ರಲ್ಲಿ ಬರಹದಲ್ಲಿ ಬೆರಳಚ್ಚು ಮಾಡಿದ್ದ, ನಮ್ಮ ಅಜ್ಜಿ ಹೇಳಿ ಬರೆಸಿದ್ದ ನಾಟಿ ಮದ್ದುಗಳ ಹನ್ನೊಂದು ಪುಟಗಳು ನನಗೆ ಹೀಗೆಯೇ ಸಿಕ್ಕವು. ಅವು ಇನ್ನೆಲ್ಲೂ ಇರಲಿಲ್ಲ.

ಫ್ಲಾಪಿಗಳಿದ್ದರೆ ಕಬ್ಬಿಣದ ಸರಿಪರದೆಯನ್ನು ಸರಿಸಿ ಒಳಗಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿಯ ಮಚ್ಚೆಗಳಿದ್ದರೆ ಅದು ಬೂಸ್ಟು. ಅಂಥದನ್ನು ಡ್ರೈವಿಗೆ ಹಾಕಿದರೆ ಓದುವ ತಲೆ ಹೊಲಸಾಗಿ ಮುಂದಿನ ಒಳ್ಳೆಯ ಫ್ಲಾಪಿಯೂ ಕೆಡುತ್ತದೆ.

ಕೆಪಾಸಿಟರ್ ಮತ್ತು ವಿದ್ಯುತ್

ಪ್ರೊಸೆಸರ್ ಸಾಕೆಟ್ಟಿನ ಸುತ್ತ ಸಾಲಾಗಿ ನಿಂತ ಸಣ್ಣ ಡಬ್ಬಿಗಳಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಒಂದೊಂದಾಗಿ ನೋಡಿ. ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಅದರ ಆಯುಸ್ಸು ಮುಗಿದಿದೆ. 1999ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡುಗಳಲ್ಲಿ ಒಳದ್ರವದ ದೋಷದಿಂದ ಕೆಪಾಸಿಟರುಗಳು ಬಹುಬೇಗ ಕೆಟ್ಟದ್ದು ಜಗತ್ತಿನಾದ್ಯಂತ ಕಂಡ ಸಂಗತಿ. ಬದಲಿಸುವಾಗ ಮೈಕ್ರೋಫ್ಯಾರಡ್ ಅಳತೆ ಹಳೆಯದಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬಹುದು, ‘ಲೋ ಇಎಸ್‌ಆರ್’ ಜಾತಿಯದೂ (ಒಳರೋಧ ಕಡಿಮೆಯದು) 105 ಡಿಗ್ರಿ ತಾಳುವಂಥದೂ ಆಗಿರಬೇಕು. ಟಿವಿ ರಿಪೇರಿಗೆ ಸಿಗುವ ಸಾಮಾನ್ಯ ಕೆಪಾಸಿಟರನ್ನು ಹಾಕಿದರೆ ಯಂತ್ರ ಎದ್ದರೂ ನಡುವೆ ನಿಲ್ಲಬಹುದು. ಕೆಪಾಸಿಟರಿನ ಮೈಮೇಲಿನ ಪಟ್ಟಿ ಋಣ ಕಾಲನ್ನು ತೋರಿಸುತ್ತದೆ. ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧವೂ ಸಾಮಾನ್ಯವಾಗಿ ಋಣವೇ, ಆದರೆ ಕೆಲವು ತಯಾರಕರ ಬೋರ್ಡುಗಳಲ್ಲಿ ಈ ಗುರುತು ತಿರುವುಮುರುವಾಗಿರುತ್ತದೆ. ಆದ್ದರಿಂದ ಅಚ್ಚನ್ನು ನಂಬುವ ಬದಲು ಕೀಳುವ ಮೊದಲು ತೆಗೆದ ಚಿತ್ರವನ್ನು ನಂಬಿ.

ಈ ಬೆಸುಗೆಯ ಕೆಲಸವನ್ನು ಮೊದಲ ಸಲ ಮದರ್‌ಬೋರ್ಡಿನ ಮೇಲೆಯೇ ಕಲಿಯಬಾರದು. ಬೋರ್ಡಿನೊಳಗಿನ ತಾಮ್ರದ ಪದರ ಕಾವನ್ನು ಹೀರಿಕೊಳ್ಳುವುದರಿಂದ 25 ವಾಟಿನ ಸಣ್ಣ ಸೋಲ್ಡರಿಂಗ್ ಕಡ್ಡಿಗೆ ಸೀಸ ಕರಗುವುದೇ ಇಲ್ಲ. ಅವಸರದಲ್ಲಿ ಎಳೆದರೆ ರಂಧ್ರದ ಒಳಗೋಡೆಯೇ ಕಿತ್ತುಬರುತ್ತದೆ. ನಮ್ಮ ಪೇಟೆಗಳಲ್ಲಿ ಗಾಜಿನ ಟಿವಿಗಳ ಕಾಲದಿಂದ ಕೂತಿರುವ ರಿಪೇರಿಯವರು ಇನ್ನೂ ಇದ್ದಾರೆ. ಸರಿಯಾದ ಕೆಪಾಸಿಟರುಗಳನ್ನು ನೀವೇ ತಂದುಕೊಟ್ಟು, ಚಿತ್ರವನ್ನು ತೋರಿಸಿ, ಪಕ್ಕದಲ್ಲಿ ಕುಳಿತು ಮಾಡಿಸಿಕೊಳ್ಳಿ. ನಾನು ಹಾಗೆ ಮಾಡಿಸಿದೆ. ಆರು ಕೆಪಾಸಿಟರುಗಳಿಗೆ ಒಂದು ಮಧ್ಯಾಹ್ನ ಹಿಡಿಯಿತು.

ಎಸ್‌ಎಂಪಿಎಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹಳೆಯದನ್ನು ಬಿಡಿ. ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ನೇರ ವಿದ್ಯುತ್ತು ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಅನುಭವವಿಲ್ಲದವರು ಅದನ್ನು ತೆರೆಯಬಾರದು. ಹೊಸ ಎಸ್‌ಎಂಪಿಎಸ್‌ನ 24 ಪಿನ್ನಿನ ತಲೆಯಿಂದ 4 ಪಿನ್ನಿನ ತುಂಡು ಬೇರ್ಪಡುವಂತಿದ್ದರೆ ಹಳೆಯ 20 ಪಿನ್ನಿನ ಬೋರ್ಡಿಗೆ ಕೂರುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಒಟ್ಟು ವಾಟನ್ನು ನೋಡುವ ಬದಲು 5 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ಎಂದು ನೋಡಿ. ಈಗಿನವು ಹೆಚ್ಚಿನ ಶಕ್ತಿಯನ್ನು 12 ವೋಲ್ಟಿನಲ್ಲಿ ಕೊಡುತ್ತವೆ. ಆ ಕಾಲದ ಬೋರ್ಡುಗಳು ಬೇಡುವುದು 5 ವೋಲ್ಟನ್ನು. 20 ಆಂಪಿಯರ್ ಇದ್ದರೆ ಇಂಥ ಯಂತ್ರಕ್ಕೆ ಧಾರಾಳವಾಯಿತು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಋಣ 5 ವೋಲ್ಟಿನ ಬಿಳಿ ತಂತಿ ಇರುವುದಿಲ್ಲ. ಪಿಸಿಐ ಸ್ಲಾಟಿನ ಕಾರ್ಡುಗಳಿಗೆ ಅದು ಬೇಡ. ಕೆಲವು ಹಳೆಯ ಐಎಸ್‌ಎ ಸೌಂಡ್ ಕಾರ್ಡುಗಳಿಗೆ ಮಾತ್ರ ಬೇಕಾಗುತ್ತದೆ. ಹಿಂಬದಿಯಲ್ಲಿ 115 ಮತ್ತು 230ರ ನಡುವಿನ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿದೆಯೆಂದು ಖಚಿತಪಡಿಸಿಕೊಳ್ಳಿ.

ಬೋರ್ಡಿಗೆ ಜೋಡಿಸುವ ಮೊದಲು ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬೇಕು. ಒಂದು ಹಳೆಯ ಸಿಡಿ ಡ್ರೈವನ್ನು ಹೊರೆಯಾಗಿ ಕೊಟ್ಟು, ದೊಡ್ಡ ತಲೆಯ ಹಸಿರು ತಂತಿಯ ಕಂಡಿಯನ್ನೂ ಯಾವುದಾದರೊಂದು ಕಪ್ಪು ತಂತಿಯ ಕಂಡಿಯನ್ನೂ ಸಣ್ಣ ತಂತಿಯಿಂದ ಸೇರಿಸಿದರೆ ಅದು ಚಾಲೂ ಆಗುತ್ತದೆ. ಮಲ್ಟಿಮೀಟರಿನಲ್ಲಿ ಕೆಂಪು ತಂತಿ 4.75ರಿಂದ 5.25, ಹಳದಿ 11.4ರಿಂದ 12.6, ಕಿತ್ತಳೆ 3.14ರಿಂದ 3.47 ವೋಲ್ಟಿನೊಳಗೆ ಇರಬೇಕು. ಮನೆಯ ಅರ್ತಿಂಗನ್ನೂ ಇದೇ ಸಂದರ್ಭದಲ್ಲಿ ನೋಡಿಸಿ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ, ಕಾಫಿಗೆ ನೀರು ಹಾಯಿಸುವ ಪಂಪುಗಳು ಒಟ್ಟಿಗೆ ಓಡುವ ಸಂಜೆಗಳಲ್ಲಿ ನಮ್ಮಲ್ಲಿ ವೋಲ್ಟೇಜ್ ಬಹಳ ಇಳಿಯುವುದರಿಂದ ಯುಪಿಎಸ್ ಇಲ್ಲದೆ ಈ ಯಂತ್ರವನ್ನು ನಡೆಸುವುದು ಸರಿಯಲ್ಲ.

ಮೊದಲ ಸಲ ಎಬ್ಬಿಸುವುದು

ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಸ್ವಿಚ್ ಒತ್ತಬಾರದು. ಮದರ್‌ಬೋರ್ಡನ್ನು ಒಣ ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಒಂದು ರ‍್ಯಾಮ್, ಡಿಸ್‌ಪ್ಲೇ ಕಾರ್ಡ್ ಮತ್ತು ಸಣ್ಣ ಸ್ಪೀಕರ್ ಇಷ್ಟನ್ನೇ ಕೊಡಿ. ಪ್ರೊಸೆಸರಿನ ಮೇಲೆ ಒಣಗಿ ಬಿರಿದ ಹಳೆಯ ಪೇಸ್ಟನ್ನು ಆಲ್ಕೊಹಾಲಿನಿಂದ ತೆಗೆದು, ಹೊಸ ಥರ್ಮಲ್ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಾಕಿದರೆ ಸಾಕು. ಸೆಲೆರಾನ್ 400ರ ನೆತ್ತಿಯ ಮೇಲೆ ಲೋಹದ ಹಲಗೆ ಇರುವುದರಿಂದ ಹೀಟ್‌ಸಿಂಕಿನ ಕ್ಲಿಪ್ಪನ್ನು ಧೈರ್ಯವಾಗಿ ಒತ್ತಬಹುದು. ಆಮೇಲೆ ಬಂದ ಕಾಪರ್‌ಮೈನ್ ಪೆಂಟಿಯಂ 3ರಲ್ಲಿ ಸಿಲಿಕಾನ್ ತುಂಡು ಬೆತ್ತಲೆಯಾಗಿದ್ದು, ಓರೆಯಾಗಿ ಒತ್ತಿದರೆ ಅದರ ಮೂಲೆ ಒಡೆಯುತ್ತದೆ.

ಸ್ವಿಚ್ ಒತ್ತಿದಾಗ ಒಂದು ಚಿಕ್ಕ ಬೀಪ್ ಬಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಅವಾರ್ಡ್ ಕಂಪನಿಯ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಇರುವ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡನ್ನು ಕಿತ್ತು ಮತ್ತೆ ಕೂರಿಸಿ. ಉದ್ದನೆಯ ಬೀಪ್ ಬಿಟ್ಟುಬಿಟ್ಟು ಬರುತ್ತಲೇ ಇದ್ದರೆ ರ‍್ಯಾಮಿನ ಕಡೆ ನೋಡಿ. ಬ್ಯಾಟರಿ ಬದಲಿಸಿದ್ದರಿಂದ ಸಿಎಂಒಎಸ್ ಚೆಕ್‌ಸಮ್ ತಪ್ಪೆಂಬ ಸೂಚನೆ ತೆರೆಯ ಮೇಲೆ ಬರುತ್ತದೆ. ಬಯೋಸ್ ಒಳಗೆ ಹೋಗಿ ದಿನಾಂಕವನ್ನು ಸರಿಪಡಿಸಿ, ಡಿಸ್ಕಿನ ವಿಧಾನವನ್ನು ಎಲ್‌ಬಿಎ ಎಂದಿಟ್ಟು ಹೊರಬನ್ನಿ.

ರ‍್ಯಾಮ್ ಕಣ್ಣಿಗೆ ಕಾಣದ ಭಾಗವಾದ್ದರಿಂದ 64 ಎಂಬಿಗೆ ಬದಲು 256 ಹಾಕಿಕೊಳ್ಳಲು ನನಗೆ ಹಿಂಜರಿಕೆಯಾಗಲಿಲ್ಲ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. 440ಬಿಎಕ್ಸ್ ಚಿಪ್‌ಸೆಟ್ ಹೆಚ್ಚು ಸಾಂದ್ರತೆಯ ಚಿಪ್ಪುಗಳನ್ನು ಪೂರ್ತಿ ಗುರುತಿಸದು: 8 ಚಿಪ್ಪುಗಳಿರುವ 256 ಎಂಬಿ ಎಸ್‌ಡಿರ‍್ಯಾಮ್ ಹಾಕಿದರೆ 128 ಎಂದೇ ತೋರಿಸುತ್ತದೆ. ಎರಡೂ ಬದಿಗೆ ಸೇರಿ 16 ಚಿಪ್ಪುಗಳಿರುವುದನ್ನೇ ಕೇಳಿ ತೆಗೆದುಕೊಳ್ಳಿ. 512 ಎಂಬಿ ದಾಟುವುದು ಬೇಡ. ವಿಂಡೋಸ್ 98 ಅದಕ್ಕಿಂತ ಹೆಚ್ಚಿನ ರ‍್ಯಾಮಿನಲ್ಲಿ ತೊಡಕು ಕೊಡುತ್ತದೆ. ಹಾಕಿದ ಮೇಲೆ ಒಂದು ರಾತ್ರಿಯಿಡೀ ಅದನ್ನು ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್ ಓಡಿಸಿ ನೋಡಬೇಕು.

ಡಿಸ್ಕಿನ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಬಳಸಿದೆ. ಆ ಕಾರ್ಡು ವಿದ್ಯುತ್ತಿನ ದೃಷ್ಟಿಯಿಂದ ಐಡಿಇ ಡಿಸ್ಕಿನ ಭಾಷೆಯನ್ನೇ ಆಡುವುದರಿಂದ ನಡುವಿನ ಅಡಾಪ್ಟರ್ ಬಹಳ ಸರಳವಾದದ್ದು. ಕೈಗಾರಿಕಾ ದರ್ಜೆಯ ಕಾರ್ಡು ತನ್ನನ್ನು ಸ್ಥಿರ ಡಿಸ್ಕೆಂದು ಹೇಳಿಕೊಳ್ಳುತ್ತದೆ, ಕ್ಯಾಮೆರಾ ಕಾರ್ಡು ತೆಗೆದುಹಾಕಬಹುದಾದದ್ದೆಂದು ಹೇಳಿಕೊಳ್ಳುತ್ತದೆ, ಮೊದಲನೆಯದನ್ನೇ ಆರಿಸಿ. ಆ ಕಾಲದ ಅನೇಕ ಬಯೋಸ್‌ಗಳು 32 ಜಿಬಿಗಿಂತ ದೊಡ್ಡ ಡಿಸ್ಕನ್ನು ಕಂಡರೆ ಗುರುತಿಸುವ ಹಂತದಲ್ಲೇ ಸ್ತಬ್ಧವಾಗುವುದರಿಂದ 16 ಜಿಬಿಯದು ಸೂಕ್ತ. ಹಳೆಯ ಡಿಸ್ಕಿನ ಪೂರ್ಣ ನಕಲನ್ನು ಆ ಕಾರ್ಡಿಗೆ ಇಳಿಸಿದಾಗ ಯಂತ್ರ ಮೊದಲು ಸೇಫ್ ಮೋಡಿನಲ್ಲಿ ಎದ್ದಿತು. ಓದಲಾಗದೆ ಹೋದ ಭಾಗದಲ್ಲಿದ್ದ ಕೆಲವು ಸಿಸ್ಟಮ್ ಕಡತಗಳನ್ನು ಸಿಡಿಯಿಂದ ಮತ್ತೆ ಹಾಕಿದ ಮೇಲೆ, ತಂದೆಯವರು ಇಟ್ಟಿದ್ದ ಹಸಿರು ಹಿನ್ನೆಲೆಯೂ ಎಡಬದಿಯ ಅವೇ ಚಿತ್ರಗಳೂ ಅವೇ ಜಾಗದಲ್ಲಿ ಕಂಡವು. ತಂಗಿಯನ್ನು ಫೋನಿನಲ್ಲಿ ಕರೆದು ತೋರಿಸಿದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಕಲು ಇಲ್ಲದವರು ಹೊಸದಾಗಿ ಹಾಕಬೇಕಾಗುತ್ತದೆ. ಕಾರ್ಡನ್ನು ಅದೇ ಯಂತ್ರದಲ್ಲಿಟ್ಟು, ವಿಂಡೋಸ್ 98ರ ಬೂಟ್ ಫ್ಲಾಪಿಯಿಂದ ಎದ್ದು, ಡಿಸ್ಕನ್ನು ವಿಭಾಗಿಸುವ ಎಫ್‌ಡಿಸ್ಕಿನಲ್ಲಿ ದೊಡ್ಡ ಡಿಸ್ಕಿನ ಬೆಂಬಲಕ್ಕೆ ಒಪ್ಪಿಗೆ ಕೊಟ್ಟು, ವಿಭಾಗ ಮಾಡಿ, ಅದನ್ನು ‘ಆ್ಯಕ್ಟಿವ್’ ಎಂದು ಗುರುತಿಸಿ, ಫಾರ್ಮ್ಯಾಟ್ ಮಾಡಿ. ಸಿಡಿಯ ಅನುಸ್ಥಾಪನಾ ಫೋಲ್ಡರನ್ನು ಪೂರ್ತಿಯಾಗಿ ಸಿ ಡ್ರೈವಿಗೆ ನಕಲು ಮಾಡಿ, ಅಲ್ಲಿಂದಲೇ ಸೆಟಪ್ ನಡೆಸಿದರೆ ಮುಂದೆ ಪ್ರತಿ ಡ್ರೈವರಿಗೂ ಸಿಡಿ ಕೇಳುವ ಕಾಟ ತಪ್ಪುತ್ತದೆ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2006ರ ಜುಲೈಯಲ್ಲೇ ಮುಗಿದಿರುವುದರಿಂದ ಈ ಯಂತ್ರವನ್ನು ಅಂತರ್ಜಾಲಕ್ಕೆ ಸೇರಿಸಬೇಡಿ. ಕಾರ್ಡನ್ನು ಹೊರತೆಗೆದು ರೀಡರಿನ ಮೂಲಕ ಕಡತಗಳನ್ನು ದಾಟಿಸುವುದು ಸುಲಭ. ನಮ್ಮ ಮೋಡೆಮ್ 2003ರ ಏಪ್ರಿಲಿನ ಸಿಡಿಲಿಗೆ ಫೋನ್ ತಂತಿಯ ಮೂಲಕ ಸುಟ್ಟಿತ್ತು. ಅದನ್ನು ಸ್ಲಾಟಿಗೆ ಹಾಕದೆ ಪೆಟ್ಟಿಗೆಯೊಳಗೆ ಕಟ್ಟಿಟ್ಟಿದ್ದೇನೆ.

ಯಂತ್ರ ಗುಜರಿಗೆ ಹೋಗಿಬಿಟ್ಟಿದೆಯಾದರೆ ಹಳೆಯ ಬಿಲ್ಲನ್ನೂ ಹಿಂಬದಿಯಲ್ಲಿ ಕಂಪ್ಯೂಟರ್ ಕಾಣುವ ಮನೆಯ ಫೋಟೋಗಳನ್ನೂ ಹುಡುಕಿ ಭಾಗಗಳ ಪಟ್ಟಿ ಮಾಡಿಕೊಳ್ಳಿ. ಭಾಗಗಳು ಕೂಡಿಬರುವವರೆಗೆ 86ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಚಿಪ್‌ಸೆಟ್ಟಿನ ಯಂತ್ರವನ್ನು ಈಗಿನ ಕಂಪ್ಯೂಟರಿನೊಳಗೆ ನಡೆಸಬಹುದು.

ಮಾನಿಟರ್, ಕೀಬೋರ್ಡ್ ಮತ್ತು ಹೊರಮೈ

ಗಾಜಿನ ಮಾನಿಟರಿನ ಹಿಂಬದಿಯನ್ನು ತೆರೆಯಲೇಬೇಡಿ. ನಳಿಕೆಯಲ್ಲಿ 20,000 ವೋಲ್ಟಿಗೂ ಹೆಚ್ಚಿನ ಒತ್ತಡವಿದ್ದು, ಆರಿಸಿದ ಮೇಲೂ ಪ್ರಾಣಕ್ಕೆ ಅಪಾಯವಾಗುವಷ್ಟು ಉಳಿದಿರುತ್ತದೆ. ತೇವ ಕುಡಿದ ಮಾನಿಟರನ್ನು ಬೆಚ್ಚಗಿನ ಒಣ ಕೋಣೆಯಲ್ಲಿ ಮೂರು ನಾಲ್ಕು ವಾರ ಸುಮ್ಮನೆ ಇರಿಸಿ, ಆಮೇಲೆ ಹಗಲಿನಲ್ಲಿ, ಪಕ್ಕದಲ್ಲೇ ನಿಂತು ಹಾಕಿ ನೋಡಿ. ಚಟಚಟ ಸದ್ದು ಅಥವಾ ಮಿಂಚಿನ ನಂತರ ಬರುವಂಥ ವಾಸನೆ ಬಂದರೆ ಕೂಡಲೇ ಪ್ಲಗ್ ತೆಗೆದು ಬಲ್ಲವರಿಗೆ ಕೊಡಬೇಕು. ಚಿತ್ರ ಬಂದರೆ 800x600ರಲ್ಲಿ ರಿಫ್ರೆಶ್ ದರವನ್ನು 75 ಅಥವಾ 85ಕ್ಕೆ ಏರಿಸಿ, ಕಣ್ಣಿಗೆ ಹಿತವಾಗುತ್ತದೆ. ಮಾನಿಟರ್ ಉಳಿಯದಿದ್ದರೆ 4:3 ಅನುಪಾತದ 15 ಇಂಚಿನ ಎಲ್‌ಸಿಡಿ ಹುಡುಕಿ. ಅಗಲ ತೆರೆಯ ಮೇಲೆ ಆ ಕಾಲದ ಚಿತ್ರ ಎಳೆದಂತೆ ಕಾಣುವುದು ನನಗೆ ಸಹ್ಯವಾಗುವುದಿಲ್ಲ.

ಕೀಬೋರ್ಡಿನ ಚಿತ್ರ ತೆಗೆದು, ಗುಂಡಿಗಳನ್ನು ಕಿತ್ತು, ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಮೌಸಿನ ಗುಂಡನ್ನು ತೆಗೆದು ಒಳಗಿನ ಉರುಳೆಗಳ ಮೇಲಿನ ಕಪ್ಪು ಪದರವನ್ನು ಉಗುರಿನಿಂದ ಬಿಡಿಸಿ. ಪಿಎಸ್/2 ಕೀಬೋರ್ಡನ್ನೂ ಮೌಸನ್ನೂ ಯಂತ್ರ ಚಾಲೂ ಇರುವಾಗ ಹಾಕುವುದು, ಕೀಳುವುದು ಮಾಡಬಾರದು.

ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೊಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ನಾನು ಮಾಡಲಿಲ್ಲ. ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಯಾವುದೋ ಆಯುಧಪೂಜೆಯ ಕುಂಕುಮದ ಕಲೆಯಿದೆ, ಮುಂಭಾಗದಲ್ಲಿ ತಂಗಿ ಅಂಟಿಸಿದ್ದ ಸ್ಟಿಕ್ಕರಿನ ಗುರುತಿದೆ. ಮಸಿಯನ್ನು ಒರೆಸುವಾಗ ಅವೆರಡರ ಸುತ್ತ ಬಟ್ಟೆಯನ್ನು ಬಳಸಿಕೊಂಡು ಹೋದೆ.

ಮಳೆಗಾಲ ದಾಟಿಸುವುದು

ನಮ್ಮ ಹವೆಯಲ್ಲಿ ದುರಸ್ತಿಗಿಂತ ಕಾಪಾಡುವುದು ಕಷ್ಟ. ಯಂತ್ರವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು, ನೆಲದಿಂದ ಎತ್ತರದಲ್ಲಿಡಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಹತ್ತಿಯ ಬಟ್ಟೆಯನ್ನೇ ಹೊದಿಸಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ಒಂದು ಗಂಟೆ ನಡೆಸಿದರೆ ಅದರ ಕಾವೇ ಒಳಗನ್ನು ಒಣಗಿಸುತ್ತದೆ. ಫ್ಲಾಪಿ ಮತ್ತು ಸಿಡಿಗಳನ್ನು ಸಿಲಿಕಾ ಜೆಲ್ ಜತೆಗೆ ಬಿಗಿ ಡಬ್ಬಿಯಲ್ಲಿಡಿ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಕೊನೆಯ ಕೆಲಸವಾಗಿ, ಕ್ಯಾಬಿನೆಟ್ಟಿನ ಪಕ್ಕದ ತಗಡಿನ ಒಳಮೈಗೆ ಒಂದು ಚೀಟಿ ಅಂಟಿಸಿ. ಜಂಪರುಗಳ ಸ್ಥಾನ, ಬದಲಿಸಿದ ಕೆಪಾಸಿಟರುಗಳ ಅಳತೆ, ರ‍್ಯಾಮಿನ ಬಗೆ, ಬ್ಯಾಟರಿ ಹಾಕಿದ ದಿನ, ಹಳೆಯ ಡಿಸ್ಕಿನ ನಕಲು ಎಲ್ಲೆಲ್ಲಿದೆ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಾಯಿ ನಮ್ಮ ತೇವಕ್ಕೆ ಹರಡುತ್ತದೆ. ನಮ್ಮ ಚೀಟಿಯ ಮೊದಲ ಸಾಲನ್ನು ತಂದೆಯವರೇ ಬರೆದರು. ಕೊನೆಯ ಸಾಲು ಹೀಗಿದೆ: ಬ್ಯಾಟರಿ 3.1 ವೋಲ್ಟ್, ಮುಂದಿನ ಪರೀಕ್ಷೆ ಹುತ್ತರಿಯ ಮರುದಿನ.